ಒಂದನೇ ನಂಬರಿನ ಡಬ್ಬಿ

ಹರಿದ್ರಾ ನೆಟ್‌ವರ್ಕ್ಸ್‌ನ ಚನ್ನಗಿರಿ ಶೆಡ್ಡಿನಿಂದ ಯಾವ ಡಬ್ಬಿಯೂ ವಾಣಿಶ್ರೀಯ ಕೈ ತಾಗದೆ ಹೊರಗೆ ಹೋಗುವುದಿಲ್ಲ. ಡಬ್ಬಿಗೆ ಕರೆಂಟ್ ಕೊಡುತ್ತಾರೆ. ಅವಳು ಪಕ್ಕದ ಸ್ಟೀಲ್ ಬಟ್ಟಲಿನ ನೀರಿನಲ್ಲಿ ಬಲಗೈ ಅದ್ದಿ, ಬೆರಳುಗಳ ಹಿಂಬದಿಯನ್ನು ತಗಡಿಗೆ ತಾಗಿಸಿ, ಒಂದು ಗಳಿಗೆ ಸುಮ್ಮನಿದ್ದು, "ಹೂಂ" ಅನ್ನುತ್ತಾಳೆ. ಆಮೇಲೆ ಕೊಟ್ರಮ್ಮ ಸೀಲು ಅಂಟಿಸುತ್ತಾಳೆ. ನೋಡಲು ಬಂದವರು ಇದನ್ನು ಆಶೀರ್ವಾದ ಅಂದುಕೊಂಡು ಫೋಟೋ ತೆಗೆದುಕೊಳ್ಳುತ್ತಾರೆ. ಕಂಪನಿ ಕಟ್ಟಿದವನ ಹೆಂಡತಿ, ವಿಧವೆ, ಹಣೆಗೆ ವಿಭೂತಿ. ಹಾಗೆ ಅನ್ನಿಸುವುದು ಸಹಜ.

ಆಶೀರ್ವಾದ ಅಲ್ಲ. ಒಳಗಿನ ಕರೆಂಟ್ ತಗಡಿಗೆ ಸೋರಿದ್ದರೆ ಒದ್ದೆ ಚರ್ಮ ಜುಮ್ ಅನ್ನುತ್ತದೆ. ಅಂಗೈಯಲ್ಲಿ ಹಿಡಿದರೆ ಬೆರಳು ಮಡಚಿಕೊಂಡು ಬಿಡಿಸಿಕೊಳ್ಳಲು ಆಗುವುದಿಲ್ಲ. ಹಿಂಬದಿ ತಾಗಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಇದನ್ನು ಹೇಳಿಕೊಟ್ಟವನು ಅವಳ ಗಂಡ ನಿಂಗರಾಜ್. ಅವನು ಸತ್ತದ್ದು ಅಂಗೈಯಲ್ಲಿ ಹಿಡಿದು.

ಡಬ್ಬಿ ಅನ್ನುವುದು ಶೆಡ್ಡಿನೊಳಗಿನ ಮಾತು. ಹೊರಗಿನವರು ನೆಟ್‌ವರ್ಕ್ ಸ್ವಿಚ್ ಅನ್ನುತ್ತಾರೆ: ಬೀದಿಯ ಕಂಬಕ್ಕೆ ಕಟ್ಟುವ ತಗಡಿನ ಪೆಟ್ಟಿಗೆ, ಒಂದು ವೈರಿನಲ್ಲಿ ಬಂದ ಇಂಟರ್ನೆಟ್ಟನ್ನು ಸುತ್ತಲಿನ ಮನೆಗಳಿಗೆ ಹಂಚುವಂಥದ್ದು. ಈಗ ಪ್ಲಾಸ್ಟಿಕ್ಕಿನವು, ಫೈಬರಿನವು, ಬಗೆಬಗೆಯವು ಬಂದಿವೆ. ಆದರೂ ಶೆಡ್ಡಿನ ಹೆಂಗಸರಿಗೆ ಎಲ್ಲವೂ ಡಬ್ಬಿಯೇ.

ಆ ಜೂನ್‌ನಲ್ಲಿ ಮಾಲತೇಶ್ ಕಂಪನಿಯ ಕತೆಯನ್ನು ವಿಡಿಯೋ ಮಾಡಿಸುತ್ತಿದ್ದ. ಹೊಸ ಶೆಡ್ಡಿನ ಉದ್ಘಾಟನೆಯ ದಿನ ದೊಡ್ಡ ಪರದೆಯ ಮೇಲೆ ತೋರಿಸಬೇಕು ಅಂತ ಅವನ ಆಸೆ. ಅವನು ಗೋವಿನಕೋವಿಯವನು, ನಿಂಗರಾಜನ ಪಾಲುದಾರ, ಈಗ ಕಂಪನಿಯ ಯಜಮಾನ. ದಾವಣಗೆರೆಯಿಂದ ಬಂದ ಕ್ಯಾಮೆರಾದವನ ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತು, ಬಾಯಿಪಾಠ ಮಾಡಿದವನ ಹಾಗೆ ಹೇಳುತ್ತಿದ್ದ.

ಕತೆ ಇಷ್ಟು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಕೇಬಲ್ ಟಿವಿ ಸಾಮಾನು ರಿಪೇರಿ ಮಾಡುವ ಅಂಗಡಿ. ಐಟಿಐನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಇಬ್ಬರು. ಕೇಬಲ್‌ನವರು ಇಂಟರ್ನೆಟ್ ಕೊಡಲು ಶುರುಮಾಡಿದಾಗ ಹೊರಗಿನಿಂದ ತರಿಸಿದ ಸ್ವಿಚ್ಚುಗಳು ಇಲ್ಲಿನ ವೋಲ್ಟೇಜ್ ತಡೆಯದೆ ಸುಟ್ಟು ಸುಟ್ಟು ಅಂಗಡಿಗೆ ಬರುತ್ತಿದ್ದವು. ನಿಂಗರಾಜ್ ಅವುಗಳ ಹೊಟ್ಟೆ ಬಗೆದು ನೋಡಿ, ನಾವೇ ಮಾಡೋಣ ಅಂದ. ಅವನ ಡಬ್ಬಿಗೆ ಕಂಬದಲ್ಲಿ ಮೀಟರ್ ಬೇಡ. ಅಕ್ಕಪಕ್ಕದ ಎರಡು ಮನೆಯವರು ಒಂದೊಂದು ವೈರು ಕೊಟ್ಟರೆ ಸಾಕು. ಒಂದು ಮನೆಯ ಕರೆಂಟ್ ಹೋದರೆ ಇನ್ನೊಂದು ಮನೆಯದು ಹಿಡಿದುಕೊಳ್ಳುತ್ತದೆ. ಕರೆಂಟ್ ಕೊಟ್ಟ ಮನೆಗೆ ಇಂಟರ್ನೆಟ್ ಪುಕ್ಕಟೆ. ಮೊದಲನೆಯದನ್ನು ಜಗಳೂರು ತಾಲ್ಲೂಕಿನ ತನ್ನೂರು ಸೊಕ್ಕೆಯ ಕಂಬಕ್ಕೇ ಕಟ್ಟಿದ. ಹೊನ್ನಾಳಿಯ ಕೇಬಲ್‌ನವರು ಬಂದು ನೋಡಿ ಆರ್ಡರ್ ಕೊಟ್ಟರು, ಅವರನ್ನು ನೋಡಿ ನ್ಯಾಮತಿಯವರು ಕೊಟ್ಟರು. ಅಂಗಡಿ ಶೆಡ್ಡಾಯಿತು. ಶೆಡ್ಡಿಗೆ ಹೆಂಗಸರು ಕೆಲಸಕ್ಕೆ ಬಂದರು. ಹೊನ್ನಾಳಿಯಲ್ಲಿ ಸರ್ವಿಸ್ ಸೆಂಟರ್ ಆಯಿತು.

"ಆದ್ರೆ ಅದನ್ನೆಲ್ಲ ನೋಡಾಕೆ ನನ್ನ ಗೆಳೆಯ ಇರಲಿಲ್ಲ," ಅಂತ ಮಾಲತೇಶ್ ದನಿ ಇಳಿಸಿದ. "ಕಂಬದ ಮೇಲಿದ್ದಾಗ ಲೈನ್‌ಮನ್ ಬೇಗ ಕರೆಂಟ್ ಕೊಟ್ಟುಬಿಟ್ಟ. ಒಂದನೇ ನಂಬರಿನ ಡಬ್ಬಿನ ಅವನ ತೊಡೆ ಮೇಲೇ ಇಟ್ಟು ಕಳಿಸಿದ್ವಿ. ಅವನ ಡಬ್ಬಿ ಅವನ ಹತ್ರಾನೇ ಐತೆ."

ಅವರ ಮನೆತನಗಳಲ್ಲಿ ಸುಡುವುದಿಲ್ಲ, ಹೆಣವನ್ನು ಗುಣಿಯಲ್ಲಿ ಕೂರಿಸಿ ಹೂಳುತ್ತಾರೆ. ಮಣ್ಣು ಎಳೆಯುವ ಮೊದಲು ಮಾಲತೇಶ್ ಡಬ್ಬಿಯನ್ನು ಗುಣಿಯೊಳಗೆ ಇಳಿಸಿದ್ದನ್ನು ಊರೆಲ್ಲ ನೋಡಿತ್ತು. ಹದಿಮೂರು ವರ್ಷಗಳಲ್ಲಿ ಆ ಮಾತು ಕಂಪನಿಯ ಕ್ಯಾಲೆಂಡರಿಗೂ ಬಂದಿತ್ತು.

ವಾಣಿಶ್ರೀ ಆ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಾಳೆ. ದುಃಖಕ್ಕೆ ಅಂತ ಜನ ತಿಳಿದಿದ್ದಾರೆ.

ಅವಳಿಗಿರುವ ಕಾರಣ ಬೇರೆ. ಮನೆಯ ಕರೆಂಟನ್ನು ಇಳಿಸಲು ಡಬ್ಬಿಯೊಳಗೆ ತಂತಿಯ ಸುರುಳಿ ಇರುತ್ತದೆ. ಒಂದು ಸುರುಳಿಯ ಮೇಲೆ ಇನ್ನೊಂದು, ನಡುವೆ ದಪ್ಪ ಕಾಗದ. ಆ ಕಾಗದ ಕೈಕೊಟ್ಟರೆ ಮನೆಯ ಪೂರಾ ಕರೆಂಟ್ ಹೊರಗಿನ ತಗಡಿಗೆ ಬರುತ್ತದೆ. ಮದುವೆಯಾದ ಹೊಸತರಲ್ಲಿ ಮೊದಲ ಡಬ್ಬಿಗಳ ಸುರುಳಿಯನ್ನು ಚನ್ನಗಿರಿಯ ಮನೆಯ ನಡುಮನೆಯಲ್ಲಿ ಕೂತು ಸುತ್ತಿದವಳು ಅವಳೇ. ಬೆಂಗಳೂರಿನಿಂದ ಬರಬೇಕಿದ್ದ ಕಾಗದ ಬರಲಿಲ್ಲ. ಅಟ್ಟದ ಮೇಲೆ ಅವರದೇ ಮದುವೆಯ ಉಳಿದ ಲಗ್ನಪತ್ರಿಕೆಗಳ ಕಟ್ಟು ಇತ್ತು. "ಇದೂ ದಪ್ಪ ಕಾಗದಾನೇ ಅಲ್ವೇನೇ," ಅಂತ ನಿಂಗರಾಜ್ ಕತ್ತರಿ ಕೊಟ್ಟ. ಅವಳು ಅಂಚಿನ ಖಾಲಿ ಜಾಗವನ್ನೇ ನೋಡಿ ಕತ್ತರಿಸಿದಳು. ಅಂಚು ಮುಗಿದ ಮೇಲೆ ಅಕ್ಷರ ಇದ್ದ ಕಡೆಯೂ ಕತ್ತರಿಸಿದಳು. ಚಿನ್ನದ ಬಣ್ಣದ ಹೊಳೆಯುವ ಅಕ್ಷರಗಳು. ಅವು ಕಾಗದಕ್ಕೆ ಅಂಟಿಸಿದ ತೆಳ್ಳನೆ ತಗಡು, ಅದರಲ್ಲಿ ಕರೆಂಟ್ ಹರಿಯುತ್ತದೆ ಅನ್ನುವುದು ಆಮೇಲೆ ಹೊಳೆಯಿತು.

ಸರಿಯಾದ ಕಾಗದ ಬಂದ ಕೂಡಲೇ ಮನೆಯಲ್ಲಿದ್ದವನ್ನೆಲ್ಲ ಬಿಚ್ಚಿ ಹೊಸದಾಗಿ ಸುತ್ತಿದರು. ಒಂದನೇ ನಂಬರು ಮಾತ್ರ ಸೊಕ್ಕೆಯ ಕಂಬದ ಮೇಲಿತ್ತು. "ಅದನ್ನೂ ಇಳಿಸ್ಕಂಡು ಬರ್ರಿ," ಅಂತ ಅವಳು ಗಂಡನ ಬೆನ್ನು ಬಿದ್ದಳು. ಅವನು ಅದನ್ನು ಇಳಿಸಲೆಂದೇ ಕಂಬ ಹತ್ತಿದ್ದು.

ಲೈನ್‌ಮನ್ ತಾನು ಲೈನ್ ಕೊಟ್ಟೇ ಇಲ್ಲ ಅಂತ ಗೋಗರೆದಿದ್ದ. ಊರಿನವರು ಅವನ ಹಲ್ಲು ಮುರಿಯುವ ಹಾಗೆ ಹೊಡೆದಿದ್ದರು. ಅವನು ಹೇಳಿದ್ದು ನಿಜವಾಗಿದ್ದರೆ ಕರೆಂಟ್ ಬಂದದ್ದು ಎಲ್ಲಿಂದ, ಒಂದನೇ ನಂಬರಿನೊಳಗೆ ಇದ್ದದ್ದು ಅಂಚೋ ಅಕ್ಷರವೋ, ಇದನ್ನು ತಿಳಿಯುವ ದಾರಿ ಗುಣಿಯೊಳಗೆ ಹೋಗಿತ್ತು. ಅದರಿಂದ ತನಗೆ ಒಂದು ಪಾಲು ನೆಮ್ಮದಿಯಾಗಿತ್ತು ಅನ್ನುವುದೇ ಅವಳನ್ನು ಹೆಚ್ಚು ತಿನ್ನುತ್ತಿದ್ದ ಸಂಗತಿ.

ವಿಡಿಯೋದ ಎರಡನೇ ದಿನ ಬೆಳಿಗ್ಗೆ ವಿನಯ್ ಕುಮಾರ್ ಅವಳ ಮೇಜಿನ ಹತ್ತಿರ ಬಂದು ನಿಂತ. ಹೊನ್ನಾಳಿಯ ಹುಡುಗ, ಇಂಜಿನಿಯರು. ಹೊಸದಾಗಿ ಹಾಕಿದ ದೊಡ್ಡ ಪರದೆಯನ್ನು ನೋಡಿಕೊಳ್ಳುವುದು ಅವನ ಕೆಲಸ. ನಾಲ್ಕು ತಾಲ್ಲೂಕುಗಳಲ್ಲಿ ಹರಿದ್ರಾದ ಯಾವ ಡಬ್ಬಿಗೆ ಕರೆಂಟ್ ಬಂದರೂ ಅದು ತನ್ನ ನಂಬರನ್ನು ಚನ್ನಗಿರಿಗೆ ಕಳಿಸುತ್ತದೆ, ಪರದೆಯ ಮೇಲೆ ಹಸಿರು ಚುಕ್ಕಿ ಬೀಳುತ್ತದೆ.

"ಮೇಡಂ, ಒಂದ್ಸಲ ಬಂದು ನೋಡ್ರಿ. ಸರ್‌ಗೆ ಹೇಳೋ ಮುಂಚೆ ನಿಮಗೆ ಹೇಳಾಣ ಅನ್ನಿಸ್ತು."

ಜಗಳೂರಿನ ಸಾಲಿನಲ್ಲಿ, ದೊಡ್ಡ ದೊಡ್ಡ ನಂಬರುಗಳ ನಡುವೆ, ಒಂದು ಗೆರೆ ಇತ್ತು. ಮೂರು ಸೊನ್ನೆ, ಒಂದು. ಅದರ ಮುಂದೆ: ಬಂದೆ.

"ಈ ಬಂದೆ ಅಂದ್ರೇನು ಮೇಡಂ? ನಮ್ಮ ಯಾವ ಡಬ್ಬೀನೂ ಇಂಗೆ ಮಾತಾಡಲ್ಲ."

ಮೊದಲ ಡಬ್ಬಿಗಳಿಗೆ ನಿಂಗರಾಜ್ ಆ ಒಂದು ಮಾತು ಕಲಿಸಿದ್ದ. ಸಂಜೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅವನು ಅನ್ನುತ್ತಿದ್ದದ್ದೂ ಅದನ್ನೇ. ಅವನು ಸತ್ತ ಮೇಲೆ ಮಾಲತೇಶ್ ಆ ಮಾತನ್ನು ತೆಗೆಸಿ ಹಾಕಿದ್ದ. ಡಬ್ಬಿಗಳು ಸುದ್ದಿ ಕಳಿಸುವ ಆಫೀಸಿನ ವಿಳಾಸ ಮಾತ್ರ ಬದಲಾಗಿರಲಿಲ್ಲ.

"ಎಷ್ಟು ದಿನದಿಂದ ಐತೆ?"

"ಪರದೆ ಹಾಕಿದಾಗಿಂದ ಇರಬೇಕು. ನಾನು ಇವತ್ತು ನೋಡಿದೆ. ಬರ್ತೈತೆ, ಹೋಗ್ತೈತೆ."

ಸುದ್ದಿ ಶೆಡ್ಡಿಗೆ ಹರಡಲು ಹೊತ್ತು ಬೇಕಾಗಲಿಲ್ಲ. ಸುರುಳಿ ಸುತ್ತುವ ಹೆಂಗಸರು ಕೈ ನಿಲ್ಲಿಸಿದರು. ಒಬ್ಬಳು, "ಗುಣಿಯೊಳಗೂ ನಮ್ಮ ಸಿಗ್ನಲ್ ಸಿಗತೈತೆ ಅಂತ ವಿಡಿಯೋದಾಗೆ ಹಾಕ್ಸಿ ಬಿಡ್ರೇ, ಯಾಪಾರ ಜೋರಾಗತೈತೆ," ಅಂದಳು. ಎರಡು ಮೂರು ಜನ ನಕ್ಕರು. ಕೊಟ್ರಮ್ಮ ಸೀಲಿನ ಹಾಳೆಯನ್ನು ಮೇಜಿಗೆ ಕುಕ್ಕಿದಳು.

"ಬಾಯಿ ಮುಚ್ಕಂಡು ಸುತ್ತು. ಸತ್ತೋರ ಮುಂದೆ ಹಲ್ಲು ಕಿಸಿಬಾರ್ದು. ವಾಣಕ್ಕ, ಅಯ್ನೋರ್ನ ಕರೆಸಿ ಒಂದು ಪೂಜೆ ಮಾಡ್ಸಿ ಬಿಡು. ಅವನಿಗೆ ಏನೋ ಉಳ್ಕಂಡೈತೆ."

ವಾಣಿಶ್ರೀ ವಿನಯ್‌ನ ಪಕ್ಕ ಕೂತು, ಆ ಗೆರೆ ಯಾವಾಗ ಬಂದಿದೆ, ಯಾವಾಗ ಹೋಗಿದೆ ಅಂತ ಹಿಂದಕ್ಕೆ ಹಿಂದಕ್ಕೆ ತೋರಿಸಿಕೊಂಡಳು. ಈ ವಾರ ಬೆಳಿಗ್ಗೆ ಬಂದು ಇಳಿಹೊತ್ತಿಗೆ ಹೋಗುತ್ತಿತ್ತು. ಹಿಂದಿನ ವಾರ ಮಧ್ಯಾಹ್ನ ಬಂದು ಸಂಜೆ ಹೋಗಿತ್ತು. ಅದರ ಹಿಂದಿನ ವಾರ ಮತ್ತೆ ಬೆಳಿಗ್ಗೆ. ದೆವ್ವ ವಾರದ ಪಾಳಿಯಲ್ಲಿ ಬರುವುದಿಲ್ಲ. ಪಾಳಿಯಲ್ಲಿ ಬರುವುದು ಹೊಲದ ಬೋರಿಗೆ ಕೊಡುವ ತ್ರೀಫೇಸ್ ಕರೆಂಟು. ಸೊಕ್ಕೆಯಲ್ಲಿ ಸೊಸೆಯಾಗಿದ್ದ ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಡಬ್ಬಿ ಯಾವುದೋ ಮೋಟರ್ ಕೋಣೆಯಲ್ಲಿತ್ತು.

ಭಯ ಆಗ ಶುರುವಾಯಿತು. ಗುಣಿಯಿಂದ ಮಾತಾಡುವ ಡಬ್ಬಿಗಿಂತ ಮೋಟರ್ ಕೋಣೆಯಲ್ಲಿರುವ ಡಬ್ಬಿ ಕೆಟ್ಟದ್ದು. ಅಲ್ಲಿ ನೆಲ ಒದ್ದೆ. ಅಲ್ಲಿ ಬರಿಗಾಲಿನ ಜನ ಓಡಾಡುತ್ತಾರೆ.

ಮಾಲತೇಶ್ ಪರದೆಯನ್ನು ನೋಡಿ ಮುಖ ಒರೆಸಿಕೊಂಡ.

"ಯಾರೋ ನಂಬರ್ ಕಾಪಿ ಹೊಡ್ದಾರೆ. ಬ್ಲಾಕ್ ಮಾಡು ವಿನಯ್. ಕ್ಯಾಮೆರಾದೋನು ಇಲ್ಲೇ ಅದಾನೆ, ಅವನ ಕಿವಿಗೆ ಬೀಳಬಾರ್ದು."

"ಬ್ಲಾಕ್ ಮಾಡಿದ್ರೆ ನಿಮ್ಮ ಪರದೆ ಮೇಲೆ ಕಾಣಲ್ಲ ಅಷ್ಟೇ," ಅಂದಳು ವಾಣಿಶ್ರೀ. "ಅದರೊಳಗೆ ಕರೆಂಟ್ ಇದ್ದೇ ಇರತೈತಲ್ಲ."

"ಅತ್ತಿಗೆ, ನಾನೇ ಕೈಯಾರ ಇಟ್ಟೀನಿ ಗುಣಿಗೆ. ಎಲ್ಲಾರೂ ನೋಡ್ಯಾರೆ."

"ಮಣ್ಣು ಎಳೆಯಾತಂಕ ನಿಂತಿದ್ರಾ?"

ಮಾಲತೇಶ್ ಪರದೆಯ ಕಡೆಯೇ ನೋಡುತ್ತಿದ್ದ. "ನೋಡಾಕೆ ಆಗ್ಲಿಲ್ಲ ನನಗೆ. ತಿರುಗಿ ಬಂದುಬಿಟ್ಟೆ."

"ಕೆಳಗೆ ಗುಣಿಯೊಳಗೆ ಇದ್ದೋರು ಯಾರು?"

"ನಿಮ್ಮ ಭಾವ. ದೊಡ್ಡಣ್ಣ."

ದೊಡ್ಡಣ್ಣ ನಿಂಗರಾಜನ ಅಣ್ಣ. ಸೊಕ್ಕೆಯಲ್ಲಿ ಹೊಲ, ಕುರಿ ನೋಡಿಕೊಂಡಿದ್ದ. ತಮ್ಮ ಸತ್ತ ವರ್ಷವೇ ವಾಣಿಶ್ರೀ ಸೊಕ್ಕೆಯಿಂದ ಮತ್ತೆ ಚನ್ನಗಿರಿಗೆ ಕೆಲಸಕ್ಕೆ ಹೊರಟಾಗ ಅವನು ತಡೆಯಲಿಲ್ಲ, ಕಳಿಸಿಕೊಡಲೂ ಬಾಗಿಲಿಗೆ ಬರಲಿಲ್ಲ. ಅಲ್ಲಿಂದ ಮಾತು ನಿಂತಿತ್ತು. ಅವಳು ಅವನ ನಂಬರಿಗೆ ಫೋನ್ ಮಾಡಿದಳು. ಅದು ಪೂರಾ ರಿಂಗಾಗಿ ನಿಂತಿತು. ಫೋನನ್ನು ಮನೆಯ ಗೂಡಿನಲ್ಲಿಟ್ಟು ಹೊಲಕ್ಕೆ ಹೋಗುವ ಮನುಷ್ಯ ಅವನು. ಮತ್ತೆ ಮಾಡಿದಳು. ಆಮೇಲೆ ಟೆಸ್ಟರು, ಕಟಿಂಗ್ ಪ್ಲೇಯರು, ರಬ್ಬರ್ ಗ್ಲೌಸನ್ನು ಊಟದ ಚೀಲಕ್ಕೆ ಹಾಕಿಕೊಂಡು ದಾವಣಗೆರೆಯ ಬಸ್ ಹತ್ತಿದಳು.

ವಿನಯ್‌ಗೆ ಹೇಳಿದ್ದು ಇಷ್ಟು: "ಅದು ಹೋದ್ರೆ ನನಗೆ ಫೋನ್ ಮಾಡು. ಹೋಗದಿದ್ರೂ ಮಾಡು."

ದಾವಣಗೆರೆಯಲ್ಲಿ ಬಸ್ ಬದಲಿಸುವಾಗ ಅವನು ಮಾಡಿದ. "ಇನ್ನೂ ಐತೆ ಮೇಡಂ." ಜಗಳೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಹಸಿರು ಕಡಿಮೆಯಾಗುತ್ತಾ ಬಂತು, ಕೆಂಪು ಹೊಲಗಳು ತೆರೆದುಕೊಂಡವು. ಮೆಕ್ಕೆಜೋಳ ಬಿತ್ತಲು ಉತ್ತು ಬಿಟ್ಟ ಹೊಲಗಳು. ಜನ ಮಳೆಯ ಮಾತಾಡುತ್ತಿದ್ದರು. ಮುಂದಿನ ಸೀಟಿನ ಮುದುಕ ತೆಂಕಲ ಕಡೆಗೆ ಕೈ ತೋರಿಸಿ, "ಇವತ್ತು ಬಿಡಲ್ಲ ಅದು," ಅಂದ. ಅಲ್ಲಿ ಮೋಡ ಕಟ್ಟಿತ್ತು. ಆ ಸೀಮೆಯಲ್ಲಿ ಮಳೆ ಬರಬಾರದು ಅಂತ ಬೇಡಿಕೊಂಡವಳು ಆ ಬಸ್ಸಿನಲ್ಲಿ ಅವಳೊಬ್ಬಳೇ ಇದ್ದಿರಬೇಕು.

ಕಂಬದ ಮೇಲಿನ ಗಂಡನನ್ನು ಅವಳು ನೋಡಿರಲಿಲ್ಲ. ಅವಳು ಬರುವಷ್ಟರಲ್ಲಿ ಇಳಿಸಿ ಮಲಗಿಸಿದ್ದರು. ನೋಡಿದ್ದು ಬಲಗೈ ಮಾತ್ರ. ಡಬ್ಬಿಯ ಅಂಚಿನ ಗುರುತು ಅಂಗೈಯಲ್ಲಿ ಕೂತಿತ್ತು, ಬಿಸಿ ಮಾಡಿದ ಕಬ್ಬಿಣದಲ್ಲಿ ಬರೆ ಹಾಕಿದ ಹಾಗೆ. ಹಿಂಬದಿ ತಾಗಿಸು ಅಂತ ಊರಿಗೆಲ್ಲ ಹೇಳುತ್ತಿದ್ದವನು ಹೇಗೆ ಅಂಗೈಯಲ್ಲಿ ಹಿಡಿದ? ಅದಕ್ಕೆ ಅವಳ ಹತ್ತಿರ ಒಂದೇ ಉತ್ತರವಿತ್ತು. ಲೈನ್ ತೆಗೆಸಿದ್ದ. ಎರಡು ಮನೆಯ ವೈರಿನಲ್ಲೂ ಕರೆಂಟ್ ಇಲ್ಲ ಅಂತ ಅವನಿಗೆ ಖಾತ್ರಿ ಇತ್ತು.

ಸೊಕ್ಕೆಯಲ್ಲಿ ಇಳಿದಾಗ ಗಾಳಿ ಎದ್ದಿತ್ತು. ಮನೆಗೆ ಹೋಗಲಿಲ್ಲ, ನೇರ ಹೊಲದ ದಾರಿ ಹಿಡಿದಳು. ಮಣ್ಣಿನ ದಾರಿಯ ಮೇಲೆ ಅಲ್ಲೊಂದು ಇಲ್ಲೊಂದು ದಪ್ಪ ಹನಿ ಬೀಳತೊಡಗಿತು. ಬೋರಿನ ಪಕ್ಕ ತಗಡಿನ ಮೋಟರ್ ಕೋಣೆ, ಅದಕ್ಕೆ ಒತ್ತಿಕೊಂಡು ಮುಳ್ಳುಬೇಲಿಯ ಕುರಿ ಹಟ್ಟಿ. ಹಟ್ಟಿಯ ಗೂಟದ ತುದಿಗೆ ಒಂದು ಕ್ಯಾಮೆರಾ ಕಟ್ಟಿತ್ತು. ಅದರ ವೈರೂ ಊರಿನಿಂದ ಎಳೆದ ಇಂಟರ್ನೆಟ್ಟಿನ ವೈರೂ ಕೋಣೆಯ ಒಳಗೆ ಹೋಗಿದ್ದವು.

ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಚೂಡಿದಾರ ಮೇಲಕ್ಕೆ ಎತ್ತಿ ಕಟ್ಟಿ, ಕೆಸರಾಗಬಾರದು ಅಂತ ಚಪ್ಪಲಿ ಹೊರಗೆ ಬಿಟ್ಟಿದ್ದಳು. ದೊಡ್ಡಣ್ಣನ ಮಗಳು ರಕ್ಷಾ. ವಾಣಿಶ್ರೀ ಅವಳನ್ನು ಕೊನೆಯ ಸಲ ನೋಡಿದಾಗ ಶಾಲೆಗೆ ಸೇರಿದ್ದಳಷ್ಟೆ. ಈಗ ಜಗಳೂರಿನಲ್ಲಿ ಡಿಗ್ರಿ ಓದುವಷ್ಟು ಬೆಳೆದಿದ್ದಳು. ಅವಳ ಕೈ ಗೋಡೆಯ ಕಡೆಗೆ ಚಾಚಿತ್ತು. ಗೋಡೆಯ ಮೊಳೆಗೆ ತೂಗುಹಾಕಿದ ಡಬ್ಬಿಯ ಕಡೆಗೆ.

"ರಕ್ಷಾ, ಅಲ್ಲೇ ನಿಂತ್ಕ. ಕೈ ಕೆಳಗಿಳ್ಸು."

ಹುಡುಗಿ ತಿರುಗಿ ನೋಡಿದಳು. "ಯಾರು... ಚಿಕ್ಕಮ್ಮನಾ? ಕ್ಯಾಮೆರಾ ನಿಂತೈತೆ ಚಿಕ್ಕಮ್ಮ, ಒಂದ್ಸಲ ವೈರು ಕಿತ್ತು ಹಾಕ್ತೀನಿ, ತಡೀರಿ."

"ಮುಟ್ಟಬ್ಯಾಡ ಅಂದೆ. ಹೊರಗೆ ಬಂದು ಚಪ್ಪಲಿ ಮೆಟ್ಕ."

ದನಿಯಲ್ಲಿ ಏನಿತ್ತೋ, ಹುಡುಗಿ ಹೊರಗೆ ಬಂದಳು. ವಾಣಿಶ್ರೀ ಗ್ಲೌಸ್ ಹಾಕಿಕೊಂಡು ಒಳಗೆ ಹೋಗಿ, ಟೆಸ್ಟರಿನ ತುದಿಯನ್ನು ಡಬ್ಬಿಯ ತಗಡಿಗೆ ಇಟ್ಟು, ಇನ್ನೊಂದು ಕೈಯ ಗ್ಲೌಸ್ ತೆಗೆದು ಟೆಸ್ಟರಿನ ತಲೆಗೆ ಬೆರಳು ಒತ್ತಿದಳು. ಕೆಂಪು ದೀಪ ಹತ್ತಿತು. ಡಬ್ಬಿಯ ಬೆನ್ನಿಗಿದ್ದ ತಗಡಿನ ಗೋಡೆಗೆ ಇಟ್ಟಳು. ಅಲ್ಲಿಯೂ ಹತ್ತಿತು.

"ಈ ಗೋಡೆ ಮುಟ್ಟಿದ್ರೆ ಏನಾದ್ರೂ ಆಗತಿತ್ತಾ?"

"ಸ್ವಲ್ಪ ಜುಮ್ ಅಂತಿತ್ತು. ಅಪ್ಪಯ್ಯ ಒದ್ದೆ ಕೈಲಿ ಮುಟ್ಟಬ್ಯಾಡ ಅಂದಿದ್ದ." ರಕ್ಷಾ ಹಟ್ಟಿಯ ಕಡೆ ನೋಡಿದಳು. "ಹೋದ ವಾರ ಒಂದು ಮರಿ ಸತ್ತೋತು, ಗೋಡೆ ಪಕ್ಕದಾಗೆ. ಹಾವು ಮುಟ್ಟೈತೆ ಅಂದ್ಕಂಡ್ವಿ."

ದೊಡ್ಡಣ್ಣ ತಲೆಯ ಮೇಲೆ ಗೋಣಿಚೀಲ ಹೊದ್ದು ಕುರಿಗಳನ್ನು ಹೊಡೆದುಕೊಂಡು ಬಂದ. ತಮ್ಮನ ಹೆಂಡತಿಯನ್ನು ನೋಡಿ ನಿಂತ. ಹದಿಮೂರು ವರ್ಷದ ಮೇಲೆ ಅವನು ಆಡಿದ ಮೊದಲ ಮಾತು, "ಮಳೆಯಾಗೆ ಬಂದೀಯಲ್ಲವ್ವ, ಒಳಗೆ ಬಾ."

"ಒಳಗೆ ಬರಾಂಗಿಲ್ಲ ಭಾವ. ನೀವೂ ಬರಬ್ಯಾಡ್ರಿ. ಇದು ಇಲ್ಲಿಗೆ ಹೆಂಗೆ ಬಂತು?"

ಅ‍ವನು ಗೋಣಿಚೀಲವನ್ನು ಬೇಲಿಯ ಮೇಲೆ ಹಾಕಿದ. ಕತೆ ಕಟ್ಟಲಿಲ್ಲ.

"ಗುಣಿಯೊಳಗೆ ಕಬ್ಬಿಣ ಹೋಗಬಾರ್ದು ಅಂದ್ರು ಅಯ್ನೋರು. ಉಡಿದಾರದ ಕೀಲಿಕೈನೂ ತೆಗೆಸಿದ್ರು. ಮಾಲತೇಶಪ್ಪ ಮೇಲಿಂದ ಇಳಿಸ್ದ. ಆ ಹೊತ್ತಿನಾಗೆ ಬ್ಯಾಡ ಅನ್ನಾಕೆ ಆಗತೈತಾ? ಅವನು ಅತ್ತ ತಿರುಗಿದ ಮ್ಯಾಲೆ ತೆಗೆದು ನನ್ನ ಟವಲ್ಲಿಗೆ ಸುತ್ಕಂಡೆ. ಬಿಸಾಕಾಕೆ ಮನಸ್ಸು ಬರಲಿಲ್ಲ. ಅಟ್ಟದ ಮ್ಯಾಲಿತ್ತು. ಕುರಿ ಕಳುವು ಜಾಸ್ತಿ ಆತು, ಈ ಹುಡುಗಿ ಕ್ಯಾಮೆರಾ ಹಾಕಾಣ ಅಂದ್ಲು. ಹಳೇದು ಒಂದೈತೆ, ನೋಡು ಅಂತ ಕೊಟ್ಟೆ. ಹಾಕಿದ ಕೂಡ್ಲೆ ದೀಪ ಹತ್ತಿತವ್ವ."

"ಹತ್ತಿತು ಅಂತ ನನಗೂ ಗೊತ್ತಾತು," ಅಂದಳು ವಾಣಿಶ್ರೀ. ಆಮೇಲೆ, ಬಸ್ಸಿನಲ್ಲಿ ಕೂತಾಗಿನಿಂದ ಬಾಯಲ್ಲಿದ್ದ ಪ್ರಶ್ನೆಯನ್ನು ಕೇಳಿದಳು. "ಅವರು ಕಂಬ ಹತ್ತಿದ ದಿನ ಇದರ ಎರಡನೇ ವೈರು ಎಲ್ಲಿಂದ ಬಂದಿತ್ತು ಭಾವ?"

ಮಳೆ ತಗಡಿನ ಮೇಲೆ ಸದ್ದು ಮಾಡಲು ಶುರುವಾಗಿತ್ತು. ದೊಡ್ಡಣ್ಣ ಮೋಟರ್ ಕೋಣೆಯ ಕಡೆ ಕೈ ತೋರಿಸಿದ.

"ಇಲ್ಲಿಂದ."

"ಅವರಿಗೆ ಗೊತ್ತಿತ್ತಾ?"

"ಎರಡು ಮನೆ ವೈರು ಕೊಟ್ರೂ ಡಬ್ಬಿ ಸಾಯ್ತಾ ಐತಲ್ಲಣ್ಣ ಅಂತ ಫೋನ್‌ನಾಗೆ ಬೇಜಾರು ಮಾಡ್ಕಂತಿದ್ದ. ಸಾಯದೆ ಇನ್ನೇನು. ಊರಾಗೆ ಕರೆಂಟ್ ಹೋದ್ರೆ ಎರಡೂ ಮನೇದು ಒಟ್ಟಿಗೆ ಹೋಗತೈತೆ. ಆಗ ಇಲ್ಲಿ ಮೋಟರ್ ಲೈನಿನಾಗೆ ಇರತೈತೆ. ಅದಕ್ಕೆ ಒಂದು ಮನೆ ವೈರು ಬಿಚ್ಚಿ ಇಲ್ಲಿಂದ ಎಳ್ದೆ. ಬಂದಾಗ ಹೇಳಾಣ, ಖುಷಿ ಪಡ್ತಾನೆ ಅಂತ." ಅವನು ತಲೆಯ ಮೇಲಿನ ನೀರು ಕೊಡವಿದ. "ಬಂದವನೇ ಸೀದಾ ಕಂಬ ಹತ್ತಿದ."

"ಲೈನ್‌ಮನ್‌ಗೆ ಹೊಡೆದ್ರಲ್ಲ."

"ಎಲ್ಲಾರೂ ಹೊಡೆದ್ರು. ನಾನೂ ಹೊಡೆದೆ."

ರಕ್ಷಾ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ವಾಣಿಶ್ರೀ ಮೋಟರ್ ಸ್ಟಾರ್ಟರಿನ ಪಕ್ಕದ ಮೇನ್ ಸ್ವಿಚ್ಚನ್ನು ಇಳಿಸಲು ಹೋದಾಗ ದೊಡ್ಡಣ್ಣ, "ಒಂದು ನಿಮಿಷ ತಡಿಯವ್ವ," ಅಂದ.

ಅವನು ಬಾಗಿಲಿನ ಒಣ ಕಲ್ಲಿನ ಮೇಲೆ ಚಪ್ಪಲಿಯಲ್ಲೇ ನಿಂತು, ಬಲಗೈಯನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡ. ಬೆರಳುಗಳ ಹಿಂಬದಿಯನ್ನು ತಗಡಿನ ಗೋಡೆಯ ಹತ್ತಿರ ತಂದ. ತಮ್ಮ ಅವನಿಗೂ ಹೇಳಿಕೊಟ್ಟಿದ್ದ.

"ಭಾವ, ಬ್ಯಾಡ್ರಿ."

"ದಿನಾ ಮುಟ್ತೀನಿ. ಕರೆಂಟ್ ಬಂದ ಕೂಡ್ಲೆ ಒಂದ್ಸಲ, ಅಷ್ಟೇ. ಒಣಗಿದ ಕೈಲಿ. ಜುಮ್ ಅಂತೈತೆ. ಅವನು ಸಣ್ಣೋನಿದ್ದಾಗ ಹಿಂದಿಂದ ಬಂದು ಕತ್ತಿಗೆ ಊದ್ತಿದ್ದ, ಅಂಗೆ."

"ಅದು ಅವರಲ್ಲ. ಒಳಗೆ ಕಾಗದ ಸುಟ್ಟೈತೆ. ಕರೆಂಟ್ ಸೋರತೈತೆ."

"ಗೊತ್ತೈತವ್ವ. ನಾನೇನು ದಡ್ಡನಾ?" ಅಂದ ದೊಡ್ಡಣ್ಣ. "ಗೊತ್ತಿದ್ರೂ ಮುಟ್ತೀನಿ."

ಅವಳು ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಬಲವಾಗಿಯೇ ಎಳೆಯಬೇಕಾಯಿತು. ಆಮೇಲೆ ಮೇನ್ ಸ್ವಿಚ್ ಇಳಿಸಿದಳು. ಡಬ್ಬಿಯ ದೀಪ ಆರಿತು. ಟೆಸ್ಟರ್ ಇಟ್ಟು, ಮತ್ತೊಮ್ಮೆ ಇಟ್ಟು, ಡಬ್ಬಿಯ ವೈರುಗಳನ್ನು ಕತ್ತರಿಸಿದಳು. ಚೀಲದಲ್ಲಿದ್ದ ಫೋನ್ ಕೂಡಲೇ ಹೊಡೆದುಕೊಂಡಿತು.

"ಮೇಡಂ, ಹೋಯ್ತು," ಅಂದ ವಿನಯ್ ಕುಮಾರ್. ಅವನ ಹಿಂದೆ ಶೆಡ್ಡಿನ ಹೆಂಗಸರು ಗುಂಪು ಸೇರಿದ್ದು ಅವರ ಬಳೆಗಳ ಸದ್ದಿನಿಂದಲೇ ತಿಳಿಯುತ್ತಿತ್ತು.

"ಹೂಂ," ಅಂದಳು.

ದೊಡ್ಡಣ್ಣ ಗೋಡೆಗೆ ಕೈ ಇಟ್ಟು ನೋಡಿದ. ಈ ಸಲ ಅಂಗೈ. "ಏನೂ ಇಲ್ಲ," ಅಂದ. ಕೈ ತೆಗೆಯಲಿಲ್ಲ.

ಊಟ ಮಾಡಿಕೊಂಡು ಹೋಗು ಅಂದರು, ನಿಲ್ಲಲಿಲ್ಲ. ರಕ್ಷಾ ಕೊಡೆ ಹಿಡಿದು ಬಸ್ಸಿನ ತನಕ ಬಂದಳು. ದಾರಿಯಲ್ಲಿ ಒಂದೇ ಮಾತು ಕೇಳಿದಳು: "ನೀವು ಬರದಿದ್ರೆ ಇವತ್ತು ನಾನು ಮುಟ್ತಿದ್ದೆ ಅಲ್ವಾ?" ವಾಣಿಶ್ರೀ ಹೌದು ಅಂದಳು. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಹೊಸ ಡಬ್ಬಿ ಕಳಿಸ್ತೀನಿ. ಪ್ಲಾಸ್ಟಿಕ್ಕಿಂದು. ಅದನ್ನ ಅಪ್ಪಯ್ಯ ಮುಟ್ಟಿದ್ರೂ ಏನೂ ಆಗಾಂಗಿಲ್ಲ."

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಂಡಕ್ಟರು, "ಏನಕ್ಕ ಅದು, ಬಾಂಬಾ?" ಅಂದ. ಪಕ್ಕದವರು ನಕ್ಕರು. ಅವಳು ಟಿಕೆಟ್ ತೆಗೆದುಕೊಂಡಳು. ತೊಡೆಯ ಮೇಲೆ ಅದರ ಭಾರ ಎಲ್ಲಿ ಬೀಳುತ್ತದೆ ಅನ್ನುವುದು ದಾವಣಗೆರೆ ಬರುವ ತನಕ ಗೊತ್ತಾಗುತ್ತಲೇ ಇತ್ತು.

ಮರುದಿನ ಬೆಳಕಿನಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ, ಮಾಲತೇಶ್‌ನನ್ನು ಕೂರಿಸಿಕೊಂಡು ಅದನ್ನು ಬಿಚ್ಚಿದಳು. ಒಳಗೆ ಎರಡು ಸುರುಳಿ, ಎರಡು ವೈರಿಗೆ. ಮೊದಲನೆಯದನ್ನು ಸುತ್ತು ಸುತ್ತಾಗಿ ಬಿಡಿಸಿದಳು. ಕಾಗದ ಹಳದಿಯಾಗಿತ್ತು, ಅಂಚಿನ ಖಾಲಿ ತುಂಡು, ಎಲ್ಲೂ ಸುಟ್ಟಿರಲಿಲ್ಲ. ಎರಡನೆಯದು ಮೋಟರ್ ಲೈನಿನ ವೈರಿನದು. ಅದರ ತಂತಿ ಒಂದು ಕಡೆ ಕಾಗದಕ್ಕೆ ಅಂಟಿಕೊಂಡಿತ್ತು. ಚಾಕುವಿನ ತುದಿಯಿಂದ ಎಬ್ಬಿಸಿದಾಗ ಕಪ್ಪು ಪುಡಿ ಉದುರಿತು. ಉಳಿದ ಪಟ್ಟಿಯಲ್ಲಿ ಚಿನ್ನದ ಬಣ್ಣದ ಅಕ್ಷರಗಳು ಇನ್ನೂ ಹೊಳೆಯುತ್ತಿದ್ದವು. ಚಿ. ಸೌ. ವಾಣಿ. ಅಲ್ಲಿಂದ ಮುಂದೆ ಸುಟ್ಟಿತ್ತು.

ಮಾಲತೇಶ್ ಬಗ್ಗಿ ಆ ಅಕ್ಷರಗಳನ್ನು ಓದಿದ. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಯಾರಿಗೂ ತೋರ್ಸದು ಬ್ಯಾಡ ಅತ್ತಿಗೆ."

"ಗುಣಿ ಮಾತು ತೆಗೆಸ್ರಿ ವಿಡಿಯೋದಿಂದ. ಲೈನ್‌ಮನ್ ಮಾತೂ ತೆಗೆಸ್ರಿ."

"ಅವೆರಡು ತೆಗೆದ್ರೆ ಏನು ಉಳೀತೈತೆ? ಜನ ನೆನಪಿಟ್ಟುಕೊಂಡಿರೋದೇ ಅಷ್ಟು."

"ಅವನು ಈಗ ಎಲ್ಲಿದಾನೆ?"

"ಯಾರು?"

"ಲೈನ್‌ಮನ್."

ಮಾಲತೇಶ್‌ಗೆ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ ಹೆಸರೂ ಯಾರಿಗೂ ನೆನಪಿರಲಿಲ್ಲ. ವಾಣಿಶ್ರೀ ವಿನಯ್‌ನನ್ನು ಕರೆದು, ಜಗಳೂರಿನ ಕಡೆ ಹಳೆಯ ಕೇಬಲ್‌ನವರಿಗೆಲ್ಲ ಫೋನ್ ಮಾಡಿ ವಿಚಾರಿಸು ಅಂದಳು. ಸಿಕ್ಕರೆ ಏನು ಹೇಳುವುದು ಅಂತ ಅವನು ಕೇಳಿದ. "ಸಿಗ್ಲಿ ಮೊದ್ಲು," ಅಂದಳು.

ಮಧ್ಯಾಹ್ನ ಕ್ಯಾಮೆರಾದವನು ಬಂದ. ವಿಡಿಯೋದ ಕೊನೆಗೆ ಅಮ್ಮನವರ ಕೈಯ ಶಾಟ್ ಒಂದು ಬೇಕು, ಅದಿಲ್ಲದೆ ಮುಗಿಯುವುದಿಲ್ಲ ಅಂದ. ಕೊಟ್ರಮ್ಮ ಬಟ್ಟಲಿಗೆ ಹೊಸ ನೀರು ತುಂಬಿದಳು. ಸಾಲಾಗಿ ಇಟ್ಟ ಹೊಸ ಡಬ್ಬಿಗಳಿಗೆ ಕರೆಂಟ್ ಕೊಟ್ಟರು. ಹಸಿರು ದೀಪಗಳು ಹತ್ತಿದವು. ವಾಣಿಶ್ರೀ ಕೈ ಅದ್ದಿ ಮೊದಲನೆಯದಕ್ಕೆ ತಾಗಿಸಿದಳು.

ಜುಮ್ ಅಂದಿತು.

ಕೈ ಹಿಂದಕ್ಕೆ ಬಂತು. ಟೆಸ್ಟರ್ ತೆಗೆದುಕೊಂಡು ತಗಡಿಗೆ ಇಟ್ಟಳು. ದೀಪ ಹತ್ತಲಿಲ್ಲ. ಬೇರೆ ಟೆಸ್ಟರ್ ಇಟ್ಟಳು, ಹತ್ತಲಿಲ್ಲ. ವಿನಯ್ ಮೀಟರ್ ತಂದು ಹಚ್ಚಿ ನೋಡಿ, "ಏನೂ ಇಲ್ಲ ಮೇಡಂ, ಸರಿಯಾಗೈತೆ," ಅಂದ. ಅವಳು ಮತ್ತೆ ಕೈ ಅದ್ದಿ ತಾಗಿಸಿದಳು. ಬೆರಳಿನಿಂದ ಮೊಣಕೈ ತನಕ, ದೊಡ್ಡಣ್ಣ ಹೇಳಿದಂತೆಯೇ, ಯಾರೋ ಹಿಂದಿನಿಂದ ಬಂದು ಊದಿದ ಹಾಗೆ.

"ಯಾಕಕ್ಕ, ಸೀಲು ಹಚ್ಚಲಾ?" ಅಂದಳು ಕೊಟ್ರಮ್ಮ.

"ಬ್ಯಾಡ. ಪಕ್ಕಕ್ಕಿಡು."

ಕ್ಯಾಮೆರಾದವನು ಕಟ್ ಮಾಡಲೋ ಬೇಡವೋ ಅಂತ ತಿಳಿಯದೆ ಮಾಲತೇಶ್‌ನ ಮುಖ ನೋಡಿದ. ಅವಳು ಅಷ್ಟರಲ್ಲಿ ಕೈಯನ್ನು ಸೆರಗಿಗೆ ಒರೆಸಿ, ಮತ್ತೆ ಬಟ್ಟಲಿನಲ್ಲಿ ಅದ್ದಿ, ಎರಡನೆಯ ಡಬ್ಬಿಯ ಕಡೆಗೆ ಚಾಚಿದ್ದಳು.